ಭಾವನ ಕಾರೂ ಅಕ್ಕನ ಕ್ಯಾಲೆಂಡರೂ

ನಮ್ಮ ಭಾವ ಭೂಮಿತಾಯಿಗೆ ಎರೆದಷ್ಟು ಎಣ್ಣೆಯನ್ನು ಮಾಗಡಿ ತಾಲ್ಲೂಕಿನಲ್ಲಿ ಇನ್ನಾರೂ ಎರೆದಿಲ್ಲ. ಅದರಲ್ಲಿ ಅರ್ಧವನ್ನು ಶನಿದೇವರ ತಲೆಗೆ ಸುರಿದಿದ್ದರೂ ಸಾಕಿತ್ತು, ಆ ದೇವರು ಏಳು ತಲೆಮಾರು ನಮ್ಮ ವಂಶದ ತಂಟೆಗೆ ಬರುತ್ತಿರಲಿಲ್ಲ. ಆದರೆ ಭಾವ ಎರೆದದ್ದು ತಿಪ್ಪಸಂದ್ರದ ತಮ್ಮ ಮನೆಯ ಅಂಗಳಕ್ಕೆ. ಅದೂ ಸ್ವಂತ ಕೈಯಿಂದಲ್ಲ, ಕಾರಿನ ಇಂಜಿನ್ನಿನಿಂದ! ಪುಣ್ಯವೂ ಬರಲಿಲ್ಲ, ಅಂಗಳವೂ ಉಳಿಯಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟು ಅಳುಮುಂಜಿ. ರಾಮನಗರದ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು. ಯಾವ ಸಾಮ್ರಾಜ್ಯದ ಕಥೆ ಶುರು ಮಾಡಿದರೂ ಕೊನೆಗೆ ಅದು ಬಿದ್ದೇ ಬೀಳುತ್ತದೆ ಎಂದು ಗೊತ್ತಿದ್ದೂ ಮೊದಲ ದಿನ ಹುರುಪಿನಿಂದ ಪಾಠ ಮಾಡಬೇಕಾದ ಕೆಲಸ ಅದು. ಹಾಗಾಗಿ ನಗಿಸಲು ಕೂತರೂ ನನಗೆ ಮೊದಲು ಕಾಣುವುದು ಕೇಡೇ. ಭಾವ ಇದಕ್ಕೆ ತದ್ವಿರುದ್ಧ. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸಿದವರು. ಕೆಟ್ಟ ಇಂಜಿನ್ನು, ಕೆಟ್ಟ ಮಳೆ, ಕೆಟ್ಟ ಸಂಬಂಧ, ಏನೇ ಇರಲಿ, ಇನ್ನೊಂದು ಸುತ್ತು ಬಿಗಿ ಮಾಡಿದರೆ ಸರಿಹೋಗುತ್ತದೆ ಎಂದು ನಂಬಿದವರು. ಈ ಬಿಗಿ ಮಾಡುವ ವಿಷಯವನ್ನು ಒಂದಿಷ್ಟು ನೆನಪಿಟ್ಟುಕೊಳ್ಳಿ.

ಕಾರಿನ ಹೆಸರು ಹೇಳುವುದಿಲ್ಲ. ಅಂಥ ಕಾರು ಸಾಕಿಕೊಂಡವರು ನಮ್ಮ ಕಡೆ ಇನ್ನೂ ಮೂರ್ನಾಲ್ಕು ಜನ ಇದ್ದಾರೆ, ಜಗಳಕ್ಕೆ ಬಂದಾರು. ಗುಂಡು ಮುಖದ, ಹೊಟ್ಟೆ ಬಂದ, ಭಾವನಿಗಿಂತ ಎರಡು ವರ್ಷ ಹಿರಿಯ ಕಾರು ಎಂದರೆ ಸಾಕು. ಮಾಗಡಿಯ ಒಬ್ಬ ಮುದಿ ಡಾಕ್ಟರು ಅದನ್ನು ಭಾವನಿಗೆ ದಾಟಿಸಿ ನಿಶ್ಚಿಂತೆಯಿಂದ ಕಣ್ಣುಮುಚ್ಚಿದರು. ಮನೆಗೆ ತಂದ ಮೊದಲ ದಿನವೇ ಅದು ಅಕ್ಕ ಬೆಳಿಗ್ಗೆ ಸಾರಿಸಿ ಬಿಟ್ಟಿದ್ದ ರಂಗೋಲಿಯ ನಟ್ಟನಡುವೆ ನಿಂತು, ಚುಕ್ಕಿಗಳ ಜೊತೆಗೆ ತನ್ನದೂ ಒಂದು ಚುಕ್ಕಿ ಇಟ್ಟಿತು.

"ಸೋರ್ತಾ ಐತಲ್ಲ ಭಾವ!" ಎಂದೆ ನಾನು.

"ಸೋರದೇ ಇರೋ ಇಂಜಿನ್ನು ಅಂದ್ರೆ ಅಳದೇ ಇರೋ ಕೂಸು ಇದ್ದಂಗೆ ಕಣ್ಲಾ ಬಾಮೈದ. ಅದಕ್ಕೇ ಹೆದ್ರಬೇಕು!" ಎಂದರು ಭಾವ.

ಆ ಕೂಸು ಅಂದಿನಿಂದ ಅಳು ನಿಲ್ಲಿಸಿಲ್ಲ. ಊರಿನ ನಾಯಿಗಳು ನೆರಳಿಗೆಂದು ಎಲ್ಲ ವಾಹನಗಳ ಕೆಳಗೂ ಮಲಗುತ್ತವೆ, ಇದರ ಕೆಳಗೆ ಮಲಗುವುದಿಲ್ಲ. ಒಮ್ಮೆ ಒಂದು ಬಿಳಿಯ ನಾಯಿ ಗೊತ್ತಿಲ್ಲದೆ ಮಲಗಿ, ಎದ್ದಾಗ ಕಪ್ಪು ನಾಯಿಯಾಗಿತ್ತು, ಮೂರು ದಿನ ಅದರ ಬೀದಿಯ ನಾಯಿಗಳೇ ಅದನ್ನು ಸೇರಿಸಲಿಲ್ಲ.

ಗ್ಯಾಸ್ಕೆಟ್ ಎಂದರೇನೆಂದು ಗೊತ್ತಿಲ್ಲದ ಪುಣ್ಯವಂತರಿಗಾಗಿ ಎರಡು ಮಾತು. ಇಂಜಿನ್ನಿನ ಒಂದು ಭಾಗ ಇನ್ನೊಂದಕ್ಕೆ ಕೂಡುವ ಕಡೆ, ನಡುವೆ ತೆಳುವಾದ ಕಾಗದವನ್ನೋ ಬೆಂಡಿನ ಹಾಳೆಯನ್ನೋ ಇಟ್ಟು ಬೋಲ್ಟು ಹಾಕುತ್ತಾರೆ. ಕಬ್ಬಿಣಕ್ಕೂ ಕಬ್ಬಿಣಕ್ಕೂ ನೇರವಾಗಿ ಹೊಂದಿಕೆಯಾಗುವುದಿಲ್ಲ, ನಡುವೆ ಮೆತ್ತಗಿನದೊಂದು ಬೇಕು. ಗಂಡಹೆಂಡಿರ ನಡುವೆ ಭಾವಮೈದ ಇದ್ದಹಾಗೆ! ಎರಡೂ ಕಡೆಯಿಂದ ಒತ್ತಿಸಿಕೊಂಡು, ಒಳಗಿನದು ಹೊರಗೆ ಬಾರದಂತೆ ನೋಡಿಕೊಂಡು ಸುಮ್ಮನಿರುವುದೇ ಅದರ ಕೆಲಸ. ನಾನು ಆ ಮನೆಯಲ್ಲಿ ಬಹಳ ವರ್ಷ ಅದೇ ಕೆಲಸದಲ್ಲಿದ್ದೆ.

ಈಗ ಸೀರೆಯ ವಿಷಯಕ್ಕೆ ಬರೋಣ. ಇಪ್ಪತ್ತೆರಡು ವರ್ಷದ ಹಿಂದೆ ಕನಕಪುರದಲ್ಲಿ ಅಕ್ಕನ ಬಾಲ್ಯದ ಗೆಳತಿಯ ಮನೆಯ ಗೃಹಪ್ರವೇಶ. ಅಕ್ಕ ಮದುವೆಯ ರೇಷ್ಮೆ ಸೀರೆ ಉಟ್ಟು, ಉಡುಗೊರೆಗೆಂದು ಹಿತ್ತಾಳೆ ದೀಪ ಕಟ್ಟಿಸಿಕೊಂಡು, ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಹಿಂದೆ ನಾನು. ಸೋರಿದ್ದನ್ನು ದಾರಿಯಲ್ಲಿ ತುಂಬಿಸಲು ಭಾವ ಎಣ್ಣೆ ಡಬ್ಬಿ ಇಟ್ಟುಕೊಂಡೇ ಹೊರಡುವವರು. ಡಿಕ್ಕಿಯಲ್ಲಿಟ್ಟರೆ ಉರುಳುತ್ತದೆ ಎಂದು ಡಬ್ಬಿಯನ್ನು ಅಕ್ಕನ ಮಡಿಲಿಗೆ ಕೊಟ್ಟರು. ಹೆಂಡತಿಯ ಮಡಿಲಿಗೆ ಎಣ್ಣೆ ಡಬ್ಬಿ! ರಾಮನಗರ ದಾಟಿ ಅರ್ಧ ದಾರಿ ಹೋಗಿರಬೇಕು, ಒಂದು ಹಳ್ಳ ಬಂತು, ಕಾರು ಎಗರಿತು, ಡಬ್ಬಿಯ ಮುಚ್ಚಳವೂ ಎಗರಿತು.

ಅಕ್ಕ ಕಿರುಚಲಿಲ್ಲ. ನನಗೆ ಭಯವಾದದ್ದು ಅದಕ್ಕೇ. ಕಾರು ನಿಲ್ಲಿಸಲು ಹೇಳಿದಳು, ಇಳಿದಳು, ಸೆರಗಿನಿಂದ ಪಾದದವರೆಗೂ ಒಮ್ಮೆ ನೋಡಿಕೊಂಡಳು. ಆಮೇಲೆ ಭಾವನಿಗೆ ಹೇಳಿದ ಮಾತು ನನಗಿನ್ನೂ ಬಾಯಿಪಾಠ ಇದೆ.

"ನೋಡಿ, ಈ ನಿಮ್ಮ ಕಾರು ಒಂದು ತೊಟ್ಟೂ ಸೋರದಂಗೆ ಒಂದು ರಾತ್ರಿ ನಿಂತ್ಕಳ್ಲಿ. ಅವತ್ತು ಹತ್ತುತೀನಿ. ಅಲ್ಲೀವರ್ಗೂ ನನ್ನ ಕರೀಬೇಡಿ."

ಎದುರಿಗೆ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಯೇಬಿಟ್ಟಳು. ಗೃಹಪ್ರವೇಶದ ಊಟ ತಪ್ಪಿತು. ದೀಪ ಮನೆಯ ಅಟ್ಟಕ್ಕೆ ಹೋಯಿತು, ಸೀರೆ ಪೆಟ್ಟಿಗೆಯ ತಳಕ್ಕೆ.

ಮಾತಿಗೆ ಪುರಾವೆ ಬೇಕಲ್ಲ? ಅದಕ್ಕೂ ಅಕ್ಕನೇ ದಾರಿ ಹುಡುಕಿದಳು. ಗೊಬ್ಬರದ ಅಂಗಡಿಯವರು ವರ್ಷವರ್ಷ ಕೊಡುವ ಗೋಡೆ ಕ್ಯಾಲೆಂಡರಿನ ಹಿಂಬದಿ ಖಾಲಿ, ಹಾಲಿನಂಥ ಬಿಳುಪು. ಭಾವ ಹೊಸ ಗ್ಯಾಸ್ಕೆಟ್ ಹಾಕಿದ ದಿನ, ಮುಗಿದ ತಿಂಗಳ ಹಾಳೆಯೊಂದನ್ನು ಹರಿದು, ಬಿಳಿಯ ಬೆನ್ನು ಮೇಲಾಗಿ ಇಂಜಿನ್ನಿನ ಕೆಳಗೆ ಹಾಸಿ ನಾಲ್ಕು ಮೂಲೆಗೆ ಕಲ್ಲಿಡುವುದು. ಬೆಳಿಗ್ಗೆ ರಂಗೋಲಿಗೆ ಬಂದಾಗ ಅಕ್ಕ ಅದನ್ನು ಎಳೆದು ನೋಡುವುದು. ಯಾವ ಪರೀಕ್ಷಾ ಮಂಡಳಿಯೂ ಇಷ್ಟು ನಿಷ್ಠುರವಾಗಿ ಉತ್ತರಪತ್ರಿಕೆ ನೋಡಿದ್ದನ್ನು ನಾನು ಕಂಡಿಲ್ಲ. ಹಾಳೆಯನ್ನು ಸೂರ್ಯನಿಗೆ ಹಿಡಿದು, "ಫೇಲು" ಎಂದು ಹೇಳಿ, ಮಡಿಸಿ, ಒಲೆ ಹಚ್ಚಲು ಇಟ್ಟುಕೊಳ್ಳುತ್ತಿದ್ದಳು. ಎಣ್ಣೆ ಹೀರಿದ ಹಾಳೆಗೆ ಬೆಂಕಿ ಚೆನ್ನಾಗಿ ಹತ್ತುತ್ತದಂತೆ. ಭಾವನ ಸೋಲಿನಲ್ಲಿ ಆ ಮನೆಯ ನೀರು ಕಾದದ್ದು ಎಷ್ಟು ಸಲವೋ!

ಭಾವ ಮಾತ್ರ ಗ್ಯಾಸ್ಕೆಟ್ ಹುಡುಕುತ್ತಾ ಹೋದರು. ಬೆಂಗಳೂರಿನ ಬಿಡಿಭಾಗದ ಬೀದಿಗಳಲ್ಲಿ ಅವರನ್ನು ಕಂಡರೆ ಅಂಗಡಿಯವರು ಒಳಗೆ ಹೋಗಿಬಿಡುತ್ತಿದ್ದರು. ಕಾರಣ, ಭಾವ ಗ್ಯಾಸ್ಕೆಟ್ಟನ್ನು ಕೊಳ್ಳುವ ಮುಂಚೆ ಮೂಸುತ್ತಿದ್ದರು. ಮೂಸಿ, ಬೆಳಕಿಗೆ ಹಿಡಿದು, ಅಂಗಡಿಯವನು ಅತ್ತ ತಿರುಗಿದಾಗ ಮೂಲೆಯಲ್ಲಿ ಒಂದಿಷ್ಟು ಕಚ್ಚಿ ನೋಡುತ್ತಿದ್ದರು. "ಡೂಪ್ಲಿಕೇಟ್ ಆದ್ರೆ ಹಲ್ಲಿಗೆ ಗೊತ್ತಾಗ್ತದೆ ಕಣ್ಲಾ" ಎನ್ನುವುದು ಅವರ ಸಿದ್ಧಾಂತ. ಪೆಟ್ಟಿಗೆಯ ಮೇಲೆ ಅಸಲಿ ಎಂದು ಮೂರು ಕಡೆ ಅಚ್ಚಾದ ಸರಕು ಅವರ ಹಲ್ಲಿಗೆ ಹಪ್ಪಳದಂತೆ ಮುರಿದದ್ದಿದೆ.

ಒಂದು ಭಾನುವಾರ ಹಸಿದುಕೊಂಡು ಅವರ ಮನೆಗೆ ಹೋದೆ. ಅಡುಗೆಮನೆಯ ಒಲೆಯ ಮೇಲೆ ಹೆಂಚು, ಅದರ ಮೇಲೆ ತಟ್ಟೆ ಮುಚ್ಚಿತ್ತು. ರಾಗಿರೊಟ್ಟಿ ಇರಬೇಕೆಂದು ತಟ್ಟೆ ತೆಗೆದೆ. ಕಂದು ಬಣ್ಣ, ಅಂಚಿನಲ್ಲಿ ಸಾಲಾಗಿ ತೂತು! ರೊಟ್ಟಿಗೆ ತೂತೇಕೆ ಎಂದು ನಾನು ಯೋಚಿಸುವಷ್ಟರಲ್ಲಿ ಹಿಂದಿನಿಂದ ಭಾವ ಕೂಗಿದರು.

"ಮುಟ್ಬೇಡ್ಲಾ! ಬಿಸಿ ತಡೀತದಾ ಅಂತ ನೋಡ್ತಾ ಇವ್ನಿ!"

"ಅದು ನನ್ನ ರೊಟ್ಟಿ ಹೆಂಚು ಕಣಪ್ಪ," ಎಂದಳು ಅಕ್ಕ ನನಗೆ, ನ್ಯಾಯ ಒಪ್ಪಿಸುವವಳಂತೆ. "ಮೂರು ದಿನದಿಂದ ನಾವು ಮುದ್ದೇನೇ ಉಣ್ತಾ ಇದ್ದೀವಿ."

ಇನ್ನು ಚನ್ನಪಟ್ಟಣದ ಅಧ್ಯಾಯ. ಅಲ್ಲಿ ಭಾವನಿಗೆ ಒಬ್ಬ ಗೆಣೆಕಾರ, ಹಳೇ ಗೆಳೆಯ, ಬೊಂಬೆ ಮಾಡುವವನು. ತಿರುಗುವ ಮರದ ಮೇಲೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ, ಮರಕ್ಕೆ ಹತ್ತಿ, ಕನ್ನಡಿಯಂತೆ ಹೊಳೆಯುತ್ತದೆ. ಅವನ ಅಂಗಡಿಯಲ್ಲಿ ಟೀ ಕುಡಿಯುತ್ತಾ ಭಾವ ಆ ಹೊಳಪನ್ನು ನೋಡಿದರು. ಒಂದು ಬೊಂಬೆಯನ್ನು ನೀರಿಗೆ ಅದ್ದಿ ತೆಗೆದರು. ಹನಿಯೂ ಒಳಗೆ ಹೋಗಿರಲಿಲ್ಲ.

"ನೀರು ಒಳೀಕೆ ಹೋಗಲ್ಲ ಅಂದ್ಮೇಲೆ ಎಣ್ಣೆ ಆಚೀಕೆ ಹೆಂಗ್ಲಾ ಬತ್ತದೆ?" ಎಂದರು.

ಗೆಣೆಕಾರನೂ ಹೌದಲ್ಲ ಎಂದ. ಇಬ್ಬರೂ ಸೇರಿ ಇಂಜಿನ್ನಿನ ತಳದ ಅಂಚಿಗೆಲ್ಲ ಕೆಂಪು ಅರಗು ಬಳಿದು, ತಾಳೆಗರಿಯಲ್ಲಿ ಉಜ್ಜಿ, ಹೊಳಪು ಬರಿಸಿದರು. ಅಷ್ಟು ಚೆಂದದ ಇಂಜಿನ್ನು ನಾನು ಕಂಡಿರಲಿಲ್ಲ, ಮಕ್ಕಳಿಗೆ ಆಡಲು ಕೊಡಬಹುದಿತ್ತು! ಬಿಸಿ ತಾಗಿದರೆ ಅರಗು ಕರಗುತ್ತದೆ ಎಂಬುದರ ಮೇಲೆಯೇ ಆ ಊರಿನ ಕಸುಬು ನಿಂತಿದೆ ಎಂಬುದು, ಹುಟ್ಟಿದಾಗಿನಿಂದ ಅದೇ ಕಸುಬು ಮಾಡಿದವನಿಗೂ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಕಾರು ಚನ್ನಪಟ್ಟಣದಿಂದ ತಿಪ್ಪಸಂದ್ರಕ್ಕೆ ಬರುವಷ್ಟರಲ್ಲಿ ದಾರಿಯುದ್ದಕ್ಕೂ ಕೆಂಪು ಹನಿ. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬರು ಗಾಬರಿಯಾಗಿ ತಮ್ಮ ಕುರಿಗಳನ್ನೆಲ್ಲ ನಿಲ್ಲಿಸಿ ಯಾವುದಕ್ಕೆ ಪೆಟ್ಟಾಯಿತೆಂದು ಒಂದೊಂದರ ಕಾಲನ್ನೂ ಎತ್ತಿ ನೋಡಿದರಂತೆ.

ಬೆಳಿಗ್ಗೆ ಹಾಳೆ ಎಳೆದ ಅಕ್ಕ ಬಹಳ ಹೊತ್ತು ನೋಡಿದಳು. ಕಪ್ಪು, ಕೆಂಪು, ನಡುವೆ ಬೆರೆತದ್ದು.

"ಇವತ್ತು ರಂಗೋಲಿಗೆ ಬಣ್ಣ ನೀವೇ ತುಂಬ್‌ಬುಟ್ರಾ?" ಎಂದಳು.

ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ದಾಯಾದಿಯೊಬ್ಬ ರಬ್ಬರಿನ ಗ್ಯಾಸ್ಕೆಟ್ ಕತ್ತರಿಸಿಕೊಟ್ಟ. ಅದು ಎರಡು ದಿನ ನಿಜಕ್ಕೂ ತಡೆಯಿತು. ಮೂರನೆಯ ದಿನ ಎಣ್ಣೆ ಕುಡಿದು ಉಬ್ಬಿ, ಒರಳಿನಿಂದ ಚಕ್ಕುಲಿ ಇಳಿದಂತೆ ಎಲ್ಲ ಕಡೆಯಿಂದಲೂ ಆಚೆ ಬಂತು. ಭಾವ ಆಗಲೂ ಒಂದು ಸುತ್ತು ಬಿಗಿ ಮಾಡಿ ನೋಡಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವವರನ್ನು ನೋಡಬೇಕಾದರೆ ಬೇರೆ ಕಡೆ ಹೋಗಬೇಕಾಗಿರಲಿಲ್ಲ.

ಇಲ್ಲಿಯವರೆಗೆ ನಗುವ ಮಾತಾಯಿತು. ಹೋದ ವರ್ಷ ಬೇಸಿಗೆಯಲ್ಲಿ ಅಕ್ಕನ ಕಾಲು ಊದಿಕೊಂಡವು. ಸೊಪ್ಪು ಬಿಡಿಸುತ್ತಾ ಕೂತಲ್ಲೇ ತಲೆತಿರುಗಿ ಒರಗಿದಳು. ರಾಮನಗರದ ಆಸ್ಪತ್ರೆಯಲ್ಲಿ ನೋಡಿ, ಎರಡು ಕಿಡ್ನಿಯೂ ಸೋತಿವೆ, ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು ಎಂದರು. ಅಕ್ಕ ಅದನ್ನು ಕೇಳಿಸಿಕೊಂಡು, "ನಂಗೂ ಗ್ಯಾಸ್ಕೆಟ್ ಹೋಗೈತೆ ಅನ್ನು" ಎಂದಳು. ಭಾವ ನಗಲಿಲ್ಲ. ಅವರು ನಗದೇ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಂಗಳವಾರ, ಶುಕ್ರವಾರ ನಾನೇ ನನ್ನ ಸಣ್ಣ ಕಾರು ತೆಗೆದುಕೊಂಡು ತಿಪ್ಪಸಂದ್ರಕ್ಕೆ ಹೋಗಿ ಅವಳನ್ನು ಕರೆತರುತ್ತಿದ್ದೆ. ಭಾವ ಹಿಂದಿನ ಸೀಟಿನಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂರುತ್ತಿದ್ದರು. ಆಸ್ಪತ್ರೆಯಲ್ಲಿ ಅಕ್ಕನ ರಕ್ತ ನಳಿಕೆಯಲ್ಲಿ ಆಚೆ ಬಂದು, ಯಂತ್ರದೊಳಗೆ ಸುತ್ತಿ, ಮತ್ತೆ ಒಳಗೆ ಹೋಗುವುದನ್ನು ಮೊದಲ ದಿನ ಅವರು ಕಣ್ಣು ಮಿಟುಕಿಸದೆ ನೋಡಿದರು. ಬಗ್ಗಿ ಯಂತ್ರದ ತಳವನ್ನೂ ನೋಡಿದರು. ಆಮೇಲೆ ನರ್ಸಮ್ಮನನ್ನು ಕರೆದು ಕೇಳಿದರು.

"ಒಂದು ತೊಟ್ಟೂ ಬಿದ್ದಿಲ್ವಲ್ಲವ್ವ. ಯಾವ ಗ್ಯಾಸ್ಕೆಟ್ ಹಾಕವ್ರೆ?"

ನರ್ಸಮ್ಮ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಹಾಸಿಗೆಯ ಮೇಲಿದ್ದ ಅಕ್ಕ ಕಣ್ಣು ಮುಚ್ಚಿಕೊಂಡೇ ನಕ್ಕಳು, ನಗುವುದಕ್ಕೂ ಅವಳಿಗೆ ಆಯಾಸವಾಯಿತು.

ಡಾಕ್ಟರು ಸೆಪ್ಟೆಂಬರಿನಲ್ಲಿ ನನ್ನನ್ನು ಒಳಗೆ ಕರೆದು, ಹೃದಯವೂ ಕೈಕೊಡುತ್ತಿದೆ ಎಂದು ಹೇಳಿದರು. ಆಚೆ ಬಂದಾಗ ಭಾವ ಬೆಂಚಿನ ಮೇಲೆ ಕೂತಿದ್ದರು.

"ಎಷ್ಟು ದಿನ ಅಂದ್ರುಲಾ?"

"ಹೇಳ್ಲಿಲ್ಲ ಭಾವ."

"ಹೇಳ್ಲಿಲ್ಲ ಅಂದ್ರೆ ಕಮ್ಮಿ ಅಂತ." ಅವರು ಜೇಬಿನಿಂದ ಒಂದು ಬೆಂಡಿನ ತುಂಡು ತೆಗೆದು ಬೆರಳಲ್ಲಿ ಒತ್ತುತ್ತಾ ಕೂತರು. "ಅಷ್ಟ್ರೊಳಗೆ ಒಂದು ಒಳ್ಳೇ ಗ್ಯಾಸ್ಕೆಟ್ ಸಿಗ್ಬೇಕಲ್ಲೋ."

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಹೆಂಡತಿ ಒಳಗೆ ಹಾಗೆ ಮಲಗಿದ್ದಾಳೆ, ನಿಮಗೆ ಗ್ಯಾಸ್ಕೆಟ್ಟೇ, ನಾಚಿಕೆಯಾಗುವುದಿಲ್ಲವೇ ಎಂದು ಜನರ ಮುಂದೆಯೇ ಕೇಳಿಬಿಟ್ಟೆ.

"ಅವಳು ಕಾರು ಹತ್ತೋದು ಸೋರೋದು ನಿಂತ್ರೇನೇ ಅಲ್ವೇನ್ಲಾ? ಅವಳು ನನ್ನ ಪಕ್ಕ ಕೂತ್ಕಂಡು ಇಪ್ಪತ್ತೆರಡು ವರ್ಷ ಆಯ್ತು," ಎಂದರು ಭಾವ ಮೆಲ್ಲಗೆ.

ಅವತ್ತು ವಾಪಸು ಹೋಗುವಾಗ ಭಾವ ಮಾತ್ರೆ ತರಲು ಅಂಗಡಿಗೆ ಇಳಿದಿದ್ದರು. ನಾನು ಅಕ್ಕನನ್ನು ಗೋಗರೆದೆ. ಒಂದು ಸಲ ಸುಮ್ಮನೆ ಹತ್ತಿಬಿಡು, ಎಷ್ಟು ಸೋರಿದರೆ ಏನಂತೆ ಎಂದೆ.

"ಆಗಲ್ಲ ಕಣಪ್ಪ," ಎಂದಳು ಅಕ್ಕ. "ಈಗ ಹತ್ತಿದ್ರೆ, ಪಾಪ ಅಂತ ಹತ್ತಿದ್ಲು ಅನ್ಕತಾರೆ. ಆಮೇಲೆ ಬದುಕಿರೋಗಂಟ ಅದ್ನೇ ಕೊರಗ್ತಾರೆ. ಅವ್ರು ಗೆದ್ದೇ ಹತ್ತಿಸ್ಕಳ್ಲಿ."

ಒಂದು ಕಾರಿನ ಎಣ್ಣೆ ತೊಟ್ಟಿಗೂ ನನ್ನ ಅಕ್ಕನ ಆಯುಸ್ಸಿಗೂ ಓಟ ಬಿದ್ದಿತ್ತು. ಗೆಲ್ಲುವುದು ಯಾವುದೆಂದು ಇತಿಹಾಸದ ಮೇಷ್ಟ್ರಿಗೆ ಬೇರೆ ಹೇಳಬೇಕೇ?

ಕೊನೆಗೆ ದಾರಿ ತೋರಿಸಿದವರು ರಾಮನಗರದ ಒಬ್ಬ ಸಾಬರು. ರೇಷ್ಮೆ ನೂಲು ತೆಗೆಯುವ ಘಟಕಗಳ ಬಾಯ್ಲರುಗಳಿಗೆ ಗ್ಯಾಸ್ಕೆಟ್ ಕತ್ತರಿಸಿಯೇ ಗಡ್ಡ ಬೆಳ್ಳಗಾದವರು. ನಾನು ಮೂವತ್ತು ವರ್ಷ ದಿನಾ ಅವರ ಅಂಗಡಿಯ ಮುಂದೆ ನಡೆದು ಕಾಲೇಜಿಗೆ ಹೋಗಿದ್ದೇನೆ! ಒಂದು ದಿನವೂ ಒಳಗೆ ಇಣುಕಿರಲಿಲ್ಲ. ಬೆಂಗಳೂರು, ಹಾರೋಹಳ್ಳಿ ಎಲ್ಲ ಸುತ್ತಿದ ಭಾವ, ಇಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆಯನ್ನು, ಮೆಕಾನಿಕ್ಕುಗಳು ಚೇಂಬರ್ ಎನ್ನುವುದನ್ನು ಬಿಚ್ಚಿ, ಮಡಿಲಲ್ಲಿಟ್ಟುಕೊಂಡು ನನ್ನ ಜೊತೆ ಅವರ ಮುಂದೆ ಕೂತರು. ಇಪ್ಪತ್ತೆರಡು ವರ್ಷಗಳ ಗ್ಯಾಸ್ಕೆಟ್ಟುಗಳ ಮೇಲೆ ಒಂದೊಂದಾಗಿ ದೂರು ಹೇಳಿದರು. ಸಾಬರು ಎಲ್ಲ ಕೇಳಿ, ಚೇಂಬರನ್ನು ಬೋರಲಾಗಿ ಒಂದು ಚಪ್ಪಡಿ ಕಲ್ಲಿನ ಮೇಲಿಟ್ಟರು. ಅದು ಕುಂಟು ಮಣೆಯಂತೆ ಅಲುಗಾಡಿತು.

"ಸಾಬ್, ಗ್ಯಾಸ್ಕೆಟ್‌ದು ತಪ್ಪು ಇಲ್ಲ," ಎಂದರು. "ನಿಮ್ದು ಕೈದು ತಪ್ಪು."

"ಏನಂದ್ರಿ?"

"ಸೋರ್ತು ಅಂದ್ರೆ ಬಿಗಿ ಮಾಡ್ತೀರಾ. ಇನ್ನೂ ಸೋರ್ತು, ಇನ್ನೂ ಬಿಗಿ. ನೋಡಿ, ಬೋಲ್ಟು ಇರೋ ಜಾಗ ಎಲ್ಲಾ ಹಳ್ಳ ಬಿದ್ದೈತೆ. ನಡೂದು ಎಲ್ಲಾ ಎದ್ದೈತೆ. ಇಲ್ಲಿ ಯಾವ ಗ್ಯಾಸ್ಕೆಟ್ ನಿಲ್ತದೆ? ಹಿಸುಕಿದ್ರೆ ಸಾಯ್ತದೆ ಸಾಬ್ ಅದು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಹೇಳಲು ನನ್ನ ನಾಲಿಗೆ ತುದಿಯವರೆಗೂ ಬಂತು. ಭಾವನ ಮುಖ ನೋಡಿ ನುಂಗಿಕೊಂಡೆ. ಅವರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಸಾಬರು ಅಂಚನ್ನು ಕಲ್ಲಿನ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿತಟ್ಟಿ ಮಟ್ಟ ಮಾಡಿದರು. ಅದರ ಮೇಲೆ ಬೆಂಡಿನ ಹಾಳೆ ಹಾಸಿ, ಅಂಚಿನಗುಂಟ ಟಕಟಕನೆ ತಟ್ಟುತ್ತಾ ಹೋದರು. ಅಳತೆಯಿಲ್ಲ, ಗೆರೆಯಿಲ್ಲ, ಚೇಂಬರಿನ ಅಂಚೇ ಹಾಳೆಯನ್ನು ತನಗೆ ಬೇಕಾದಂತೆ ಕತ್ತರಿಸಿಕೊಂಡಿತು.

"ಬೆರಳಲ್ಲಿ ತಿರುಗ್ಸಿ. ನಿಂತ್ಮೇಲೆ ಅರ್ಧ ಸುತ್ತು. ಆಮೇಲೆ ಕೈ ತೆಗೆದ್ಬಿಡಿ," ಎಂದರು. "ಇಂಜಿನ್ ಹಿಂದೆ ಎಣ್ಣೆ ತಡೆಯೋ ಒಂದು ಹಗ್ಗದ ಸೀಲು ಐತೆ, ಅದು ನಮ್ಮಂಗೆ ಮುದುಕ ಆಗೋಗೈತೆ. ಅದು ಒಂದು ಬೂಂದ್, ಒಂದು ತೊಟ್ಟು ಬಿಟ್ರೆ ನನ್ನ ಬಯ್ಬೇಡಿ."

ನವೆಂಬರ್ ಮೊದಲ ವಾರದ ಒಂದು ಶನಿವಾರ ಭಾವ ಗ್ಯಾಸ್ಕೆಟ್ ಕೂರಿಸಿದರು. ಬೆರಳಲ್ಲಿ ತಿರುಗಿಸಿ, ಅರ್ಧ ಸುತ್ತು ಕೊಟ್ಟು, ಕೈ ತೆಗೆದುಬಿಟ್ಟರು. ಇನ್ನರ್ಧ ಸುತ್ತಿಗೆ ಅವರ ಕೈ ತವಕಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು, ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟು "ದೂರ ಇಡ್ಲಾ" ಎಂದರು. ಇಂಜಿನ್ನಿನ ತಳವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮಾಗಡಿಯವರೆಗೆ ಓಡಿಸಿ ತಂದು ನಿಲ್ಲಿಸಿದರು. ಹೊತ್ತು ಮುಳುಗುವ ಮುಂಚೆ ಅಕ್ಟೋಬರಿನ ಹಾಳೆಯನ್ನು ಹರಿದು ಹಾಸಿ, ನಾಲ್ಕು ಕಲ್ಲಿಟ್ಟರು. ಅದಕ್ಕೂ ಹಿಂದಿನ ತಿಂಗಳುಗಳೆಲ್ಲ ಆ ವರ್ಷ ಆಗಲೇ ಒಲೆ ಸೇರಿದ್ದವು. ನಾನು ಅವತ್ತು ಅಲ್ಲೇ ಉಳಿದೆ.

ಬೆಳಕು ಹರಿಯುವಾಗ ಎದ್ದು ಬಾಗಿಲಿಗೆ ಬಂದೆ. ಅಕ್ಕ ನನಗಿಂತ ಮೊದಲೇ ಅಂಗಳದಲ್ಲಿದ್ದಳು. ಊದಿದ ಕಾಲಿನಲ್ಲಿ, ಬಂಪರು ಹಿಡಿದುಕೊಂಡು, ನಿಧಾನವಾಗಿ ಕುಕ್ಕರುಗಾಲಿನಲ್ಲಿ ಕೂತು ಹಾಳೆಯನ್ನು ಎಳೆದಳು. ನೋಡಿದಳು. ನನಗೂ ಕಂಡಿತು. ಅಷ್ಟು ಬಿಳುಪಿನ ನಡುವೆ ಒಂದು ತೊಟ್ಟು, ಅವರೆಕಾಳಿನಷ್ಟು.

"ಫೇಲು" ಎಂಬ ಮಾತಿಗೆ ಕಾದೆ. ಅವಳು ಹೇಳಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು, ಗೋಡೆ ಹಿಡಿದು ಒಳಗೆ ಬಂದಳು. ಕ್ಯಾಲೆಂಡರಿನಲ್ಲಿ ಉಳಿದಿದ್ದದ್ದು ಎರಡೇ ಹಾಳೆ. ನವೆಂಬರನ್ನು ಎತ್ತಿ, ಅದರ ಹಿಂದಿನ ಡಿಸೆಂಬರನ್ನು ಸದ್ದಾಗದಂತೆ ಹರಿದುಕೊಂಡಳು. ಆಚೆ ಹೋಗಿ, ಬಿಳಿಯ ಬೆನ್ನು ಮೇಲೆ ಮಾಡಿ ಹಾಸಿ, ನಾಲ್ಕು ಕಲ್ಲನ್ನೂ ಇದ್ದಲ್ಲೇ ಇಟ್ಟಳು. ಇನ್ನೂ ಬಾರದ ತಿಂಗಳನ್ನು ಹರಿಯುತ್ತಿದ್ದೇನೆಂದು ಅವಳು ಯೋಚಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಯೋಚಿಸಿದೆ.

ತಿರುಗಿದಾಗ ನನ್ನನ್ನು ಕಂಡಳು. ಮಡಿಸಿದ ಹಾಳೆಯನ್ನು ನನ್ನ ಕೈಗೆ ತುರುಕಿದಳು.

"ಬಾಯಿ ಮುಚ್ಕಂಡು ಇಟ್ಕೋ," ಎಂದಳು. ಆಮೇಲೆ ಒಳಗೆ ಮುಖ ಮಾಡಿ ಕೂಗಿದಳು. "ನೋಡಿ, ಏಳಿ! ಇಲ್ಲಿ ಬಂದು ನಿಮ್ಮ ಕಾರು ನೋಡ್ಬನ್ನಿ! ಬೇಗ ಸ್ನಾನ ಮಾಡ್ಕಳಿ, ಕನಕಪುರಕ್ಕೆ ಹೋಗ್ಬೇಕು!"

ಮುಂದಿನ ತೊಟ್ಟು ಎಷ್ಟು ಹೊತ್ತಿಗೆ ಬೀಳುತ್ತದೋ ಎಂದು ನಾನು ಹಾಳೆಯನ್ನೇ ನೋಡುತ್ತಾ ನಿಂತಿದ್ದೆ. ಬೀಳಲಿಲ್ಲ. ಆ ಕಾರು ಜನ್ಮದಲ್ಲಿ ಮಾಡಿದ ಒಂದೇ ಉಪಕಾರ ಅದು. ಭಾವ ಪಂಚೆ ಎತ್ತಿ ಕಟ್ಟುತ್ತಾ ಓಡಿಬಂದು, ನೆಲಕ್ಕೆ ಕೆನ್ನೆ ತಾಗಿಸಿ ಹಾಳೆ ನೋಡಿದರು. ಎದ್ದು, ಹಾಳೆಯನ್ನು ಸರ್ಟಿಫಿಕೇಟಿನಂತೆ ಹುಷಾರಾಗಿ ಮಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಕಾರಿನ ಮುಂದಿನ ಖಾನೆಯಲ್ಲಿಟ್ಟರು.

ಅಕ್ಕ ಆ ಹಳೇ ರೇಷ್ಮೆ ಸೀರೆಯನ್ನೇ ಉಟ್ಟಳು, ಕಲೆಯೆಲ್ಲ ನೆರಿಗೆಯೊಳಗೆ ಸೇರಿಸಿ. ಮಡಿಲಲ್ಲಿ ಈ ಸಲ ಅಟ್ಟದಿಂದ ಇಳಿಸಿದ ಹಿತ್ತಾ‌ಳೆ ದೀಪ. ನಾನು ಹಿಂದೆ. ಮಾಗಡಿ ದಾಟಿ, ರಾಮನಗರದ ಬಂಡೆಗಳನ್ನು ದಾಟಿ, ಅದೇ ರಸ್ತೆ. ಆ ಹಳ್ಳವಿದ್ದ ಜಾಗ ಬಂದಾಗ ಭಾವ ನಡಿಗೆಯ ವೇಗಕ್ಕೆ ಇಳಿಸಿದರು. "ಅದನ್ನ ಮುಚ್ಚಿ ಹತ್ತು ವರ್ಷ ಆಯ್ತು, ಓಡ್ಸಿ" ಎಂದಳು ಅಕ್ಕ.

ಗೆಳತಿ ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟಳು. "ಏನೇ, ಗೃಹಪ್ರವೇಶಕ್ಕೆ ಈಗ ಬಂದ್ರಾ? ಮನೆಗೆ ಐದು ಸಲ ಸುಣ್ಣ ಆಯ್ತಲ್ಲೇ!" ಎಂದವಳು, ಅಕ್ಕನ ಮುಖವನ್ನು ಹತ್ತಿರದಿಂದ ನೋಡಿ, ತಬ್ಬಿಕೊಂಡು ಒಳಗೆ ಕರೆದೊಯ್ದಳು. ದೀಪ ಹಚ್ಚಿದರು. ಊಟಕ್ಕೆ ಕೂತಾಗ ಹಜಾರದ ಮೂಲೆಯಲ್ಲಿ ಒಂದು ಬಕೆಟ್ಟು ಕಂಡಿತು. ತಾರಸಿ ಸೋರುತ್ತಿದೆ, ಯಾರಿಗೂ ಸರಿ ಮಾಡಲಾಗುತ್ತಿಲ್ಲ ಎಂದಳು ಗೆಳತಿ.

"ನಾನು ಒಸಿ ನೋಡ್ಲಾ?" ಎಂದರು ಭಾವ.

"ಬ್ಯಾಡ!" ಎಂದು ನಾನೂ ಅಕ್ಕನೂ ಒಟ್ಟಿಗೇ ಕೂಗಿದೆವು.

ಅಕ್ಕ ಹೋದದ್ದು ಅದಾಗಿ ಮೂರು ವಾರಕ್ಕೆ, ನವೆಂಬರಿನ ಕೊನೆಯಲ್ಲಿ. ಒಂದು ಶುಕ್ರವಾರ ಯಂತ್ರಕ್ಕೆ ಹಾಕಿದ್ದಾಗಲೇ ನಿದ್ದೆ ಹೋದವಳು ಏಳಲಿಲ್ಲ. ಆ ಮೂರು ವಾರ ಆಸ್ಪತ್ರೆಗೆ ಅವಳು ಬಂದದ್ದು ಭಾವನ ಕಾರಿನಲ್ಲೇ, ಭಾವನ ಪಕ್ಕದಲ್ಲೇ. ಕಾರು ಒಂದೊಂದು ತೊಟ್ಟು ಬಿಡುತ್ತಲೇ ಇತ್ತು. ಗೆದ್ದ ಗಂಡಸು ಮತ್ತೆ ಬಗ್ಗಿ ನೋಡುತ್ತಾನೆಯೇ? ಬೆಳಿಗ್ಗೆ ಭಾವ ಏಳುವ ಮುಂಚೆ ಅಕ್ಕ ಅದರ ಮೇಲೆ ಒಂದು ಹಿಡಿ ರಂಗೋಲಿ ಪುಡಿ ಉದುರಿಸಿಬಿಡುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ನಡುವೆ ಕೂತವನ ಕೆಲಸ ಅದೇ ತಾನೆ.

ಮಣ್ಣು ಮಾಡಿದ ಮಾರನೆಯ ದಿನ ಹಿರಿಯರು ಕೂತು ಹನ್ನೊಂದನೇ ದಿನದ ತಿಥಿ ಯಾವ ವಾರಕ್ಕೆ ಬರುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ಭಾವ ಎದ್ದು ಹೋಗಿ ಕ್ಯಾಲೆಂಡರಿನ ನವೆಂಬರನ್ನು ಮೇಲಕ್ಕೆತ್ತಿದರು. ಕೆಳಗೆ ಗೋಡೆ ಇತ್ತು.

"ಇಲಿ ಕಡಿದಿರ್ಬೇಕು" ಎಂದರು ಯಾರೋ. ಭಾವ ಆಚೆ ನಡೆದು, ಕಾರಿನ ಬಾಗಿಲು ತೆಗೆದು, ಆ ಪ್ಲಾಸ್ಟಿಕ್ ಕವರನ್ನು ತೆಗೆದರು. ತಮ್ಮ ಸರ್ಟಿಫಿಕೇಟನ್ನು ಬಿಡಿಸಿ, ಮೊದಲ ಸಲ ಅದರ ಇನ್ನೊಂದು ಮಗ್ಗುಲು ತಿರುಗಿಸಿದರು. ಹಿಂದೆಯೇ ಹೋಗಿದ್ದ ನಾನು ಕಂಬಕ್ಕೆ ಒರಗಿ ನಿಂತುಕೊಂಡೆ.

"ಲೇ ಬಾಮೈದ."

"ಏನು ಭಾವ?"

"ನಾನು ಅವತ್ತು ಹಾಸಿದ್ದು ಅಕ್ಟೋಬರು."

ನಾನು ನನ್ನ ಚೀಲ ತಂದು, ಡೈರಿಯ ನಡುವೆ ಇಟ್ಟುಕೊಂಡಿದ್ದ ಹಾಳೆಯನ್ನು ಅವರ ಕೈಗೆ ಕೊಟ್ಟೆ. ಅವರು ಜಗುಲಿಯ ಮೇಲೆ ಕೂತು ಅದನ್ನು ತೊಡೆಯ ಮೇಲೆ ಹರಡಿಕೊಂಡರು. ಒಣಗಿದ ತೊಟ್ಟಿನ ಮೇಲೆ ಬೆರಳಿಟ್ಟರು. ಅದು ಬೆರಳಿನ ಕೆಳಗೆ ಪೂರ್ತಿ ಮುಚ್ಚಿಹೋಯಿತು.

"ಒಂದೇ ಅಲ್ವೇನ್ಲಾ?"

"ಒಂದೇ ಭಾವ."

"ನೋಡ್ದಾ, ಗೆಲ್ಲಿಸ್ಬುಟ್ಟು ಹೋದ್ಳಲ್ಲೋ ನನ್ನ," ಎಂದವರು ನನ್ನ ಭುಜಕ್ಕೆ ಹಣೆಯಿಟ್ಟು ಜೋರಾಗಿ ಅತ್ತುಬಿಟ್ಟರು. ಅಳುಮುಂಜಿಯಾದ ನನಗೆ ಆಗ ಅಳು ಬರಲಿಲ್ಲ, ಸುಮ್ಮನೆ ಅವರನ್ನು ಹಿಡಿದುಕೊಂಡು ಕೂತಿದ್ದೆ.

ಒಳಗಿನಿಂದ ಹಿರಿಯರು ಕರೆದರು. ಭಾವ ಮುಖ ಒರೆಸಿಕೊಂಡು ಎದ್ದರು. ಡಿಸೆಂಬರ್ ಹಾಳೆಯ ಮಡಿಕೆಗಳನ್ನು ಅಂಗೈಯಿಂದ ನೀವಿ, ಹಿಸುಕದೆ, ಹರಿಯದೆ, ಗೋಡೆಯ ಮೊಳೆಗೆ ಸಿಕ್ಕಿಸಿದರು. ಅದರ ಮೇಲೆ ಬೆರಳಿಟ್ಟು ನಾವಿಬ್ಬರೂ ಹನ್ನೊಂದನೇ ದಿನವನ್ನು ಎಣಿಸಿದೆವು.